ಗೋಮಯದ ಅನಿಲವೂ ಅಡಿಗೆಯ ಒಲೆಯೂ

ಹೊಗೆಯೆಂಬುದು ಉರಿಯದೆ ಉಳಿದ ಇಂಧನವೇ ಹೊರತು ಬೇರೆಯಲ್ಲ. ಸೌದೆಗೆ ಕಾವು ತಾಕಿದೊಡನೆ ಅದರ ತೂಕದ ಬಹುಭಾಗವು ಅನಿಲರೂಪವನ್ನು ತಾಳಿ ಹೊರಬೀಳುತ್ತದೆ. ನಮಗೆ ಜ್ವಾಲೆಯಾಗಿ ಕಾಣುವುದು ಈ ಅನಿಲದ ದಹನ. ಗಾಳಿ ಸಾಲದೆ ಹೋದರೆ, ಅಥವಾ ಉರಿದು ಮುಗಿಯುವ ಮುನ್ನವೇ ಜ್ವಾಲೆಯು ತಣ್ಣನೆಯ ಪಾತ್ರೆಯನ್ನು ಮುಟ್ಟಿದರೆ, ಉಳಿದುದು ಮಸಿಯಾಗಿ, ಕಾರ್ಬನ್ ಮಾನಾಕ್ಸೈಡಾಗಿ, ಒಲೆಯ ಮುಂದೆ ಕುಳಿತವಳ ಶ್ವಾಸಕೋಶವನ್ನು ಸೇರುತ್ತದೆ. ಮನೆಯೊಳಗಣ ಇಂಥ ಹೊಗೆಯಿಂದ ಜಗತ್ತಿನಲ್ಲಿ 2020ರಲ್ಲಿ ಸತ್ತವರು ಸುಮಾರು 32 ಲಕ್ಷ ಮಂದಿಯೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ಅನಿಲವನ್ನೇ ಇಂಧನವಾಗಿ ಬಳಸಿದರೆ ಅದು ಗಾಳಿಯೊಡನೆ ಸುಲಭವಾಗಿ ಬೆರೆತು ನಿರ್ಮಲವಾಗಿ ಉರಿಯುತ್ತದೆ. ಅಂಥ ಅನಿಲವು ಕೊಟ್ಟಿಗೆಯಲ್ಲಿಯೇ ದೊರೆಯುವುದುಂಟು. ಸಗಣಿಗೆ ಅಷ್ಟೇ ನೀರು ಬೆರಸಿ ಗಾಳಿಯಾಡದ ತೊಟ್ಟಿಯಲ್ಲಿರಿಸಿದರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸಿ ಮೀಥೇನನ್ನು ಬಿಡುಗಡೆ ಮಾಡುತ್ತವೆ. ಬೆರಣಿ ತಟ್ಟಿ ಸುಟ್ಟರೆ ಗೊಬ್ಬರವೂ ಬೂದಿಯ ಪಾಲಾಗುವುದು. ಇಲ್ಲಿಯಾದರೋ ಅನಿಲವನ್ನು ತೆಗೆದುಕೊಂಡ ಮೇಲೂ ಬಗ್ಗಡದಲ್ಲಿ ಸಾರಜನಕವು ಉಳಿದು ಹೊಲಕ್ಕೆ ಹೋಗುವುದು. ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೇನಿದ್ದೀತು ಎನ್ನಿಸದಿರದು.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರಕ್ಕೂ ಹಾಗೆಯೇ ಅನ್ನಿಸಿತು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಊರಿಗೆಲ್ಲ ಒಂದೇ ಸ್ಥಾವರವನ್ನು ಕಟ್ಟಿ ಮನೆಮನೆಯ ಒಲೆಗೂ ಅನಿಲವನ್ನೊದಗಿಸುವುದು ಉದ್ದೇಶ. ಆದರೆ ಅನಿಲವು ಸಾಲಲಿಲ್ಲ.

ಏಕೆ ಸಾಲಲಿಲ್ಲವೆಂಬುದನ್ನು ವಾಚಕರು ಒಂದು ಸ್ಥೂಲವಾದ ಲೆಕ್ಕದಿಂದ ತಾವೇ ಊಹಿಸಬಹುದು. ಅಡಿಗೆಗೆ ಒಬ್ಬರಿಗೆ ದಿನಕ್ಕೆ ಸುಮಾರು 240 ಲೀಟರ್ ಅನಿಲ ಬೇಕು. ಐವರ ಸಂಸಾರಕ್ಕೆ 1,200 ಲೀಟರ್. ಒಂದು ಕಿಲೋಗ್ರಾಂ ಹಸಿ ಸಗಣಿ ಹೆಚ್ಚೆಂದರೆ 40 ಲೀಟರ್ ಕೊಟ್ಟೀತು. ಎಂದರೆ ದಿನಕ್ಕೆ 30 ಕಿಲೋಗ್ರಾಂ ಸಗಣಿ. ನಾಟಿ ದನವೊಂದು ಸುಮಾರು 10 ಕಿಲೋಗ್ರಾಂ ಹಾಕುವುದೆಂದರೂ ಮೂರು ದನ ಬೇಕಾಯಿತು. ಆದರೆ ಹಗಲೆಲ್ಲ ಬಯಲಲ್ಲಿ ಮೇಯುವ ದನದ ಸಗಣಿಯಲ್ಲಿ ಅರ್ಧದಷ್ಟಾದರೂ ಬಯಲಿಗೇ ಬೀಳುವುದರಿಂದ ಆ ಮೂರು ಆರಾಗುತ್ತವೆ. ಚಳಿಗಾಲದಲ್ಲಿ ಸೂಕ್ಷ್ಮಜೀವಿಗಳು ಮಂದವಾಗಿ ಅನಿಲವು ಇನ್ನೂ ಇಳಿಯುತ್ತದೆ. ಆರು ದನಗಳನ್ನು ಸಾಕಬಲ್ಲ ಬಡವನೆಲ್ಲಿ? ದನವೇ ಇಲ್ಲದ ಕೂಲಿಯವನ ಪಾಡೇನು?

ಇನ್ನೊಂದು ಮಾತೂ ಉಂಟು. ಹೆಂಗಸರು ಸುತ್ತಮುತ್ತ ಆಯ್ದು ತರುವ ಪುರಳೆಗೆ ಆ ಊರಿನಲ್ಲಿ ದುಡ್ಡು ಕೊಡಬೇಕಾಗಿರಲಿಲ್ಲ. ಅವರ ಶ್ರಮವನ್ನು ಲೆಕ್ಕಕ್ಕೆ ಹಿಡಿಯುವವರಾರು! ಊರಿನವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು. ಆದ್ದರಿಂದ 1987ರಲ್ಲಿ ಅದೇ ಅನಿಲದಿಂದ, ಸ್ವಲ್ಪ ಡೀಸೆಲನ್ನೂ ಕೂಡಿಸಿ, ಎಂಜಿನ್ ನಡೆಸಿ ವಿದ್ಯುತ್ತನ್ನು ಉತ್ಪಾದಿಸಲಾಯಿತು. ಕೊಳವೆಬಾವಿಯ ನೀರು ನಲ್ಲಿಗಳಲ್ಲಿ ಹರಿಯಿತು, ಮನೆಗಳಲ್ಲಿ ದೀಪ ಹೊತ್ತಿತು. ಸಗಣಿ ಕೊಟ್ಟವರಿಗೆ ಬಗ್ಗಡವು ಹಿಂತಿರುಗಿತು.

ಒಲೆಯ ಹೊಗೆಗೆ ಅದೇ ಕೇಂದ್ರವು ರೂಪಿಸಿದ ಉಪಾಯವೇ ‘ಅಸ್ತ್ರ ಒಲೆ’. ಸೌದೆಯ ಕೆಳಗಿನಿಂದ ಗಾಳಿ ನುಗ್ಗುವಂತೆ ಕಬ್ಬಿಣದ ಜಾಲರಿ, ಸುತ್ತಲೂ ಮುಚ್ಚಿದ ಗೂಡು, ಸಾಲಾಗಿ ಮೂರು ಪಾತ್ರೆಗಳು, ಕೊನೆಗೆ ಮಾಡಿನ ಮೇಲಕ್ಕೆ ಚಿಮಣಿ. ಸೌದೆಯು ಉಳಿಯಿತು, ಕೋಣೆಯ ಹೊಗೆಯೂ ತಗ್ಗಿತು. ಆದರೆ ಚಿಮಣಿಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಹೊಗೆಯು ಮತ್ತೆ ಒಳಕ್ಕೇ ತಿರುಗುವುದು.

2016ರ ಉಜ್ವಲಾ ಯೋಜನೆಯಿಂದ ಕೋಟ್ಯಂತರ ಬಡ ಮನೆಗಳಿಗೆ ಸಿಲಿಂಡರ್ ಬಂದಿದೆ. ಅದು ಬರಿದಾದಾಗ ಮರುಪೂರಣದ ಹಣವನ್ನು ಒಮ್ಮೆಗೇ ತೆರಬೇಕು. ಕೂಲಿಯೋ ದಿನದಿನಕ್ಕೆ ಬರುವಂಥದು. ಹಾಗಾಗಿ ಎಷ್ಟೋ ಮನೆಗಳಲ್ಲಿ ಕಾಫಿಗೆ ಅನಿಲ, ಮುದ್ದೆಗೂ ಸ್ನಾನದ ಹಂಡೆಗೂ ಸೌದೆ.