ಮದ್ಯಸಾರದ ಭಟ್ಟಿಗಳ ಕೊಳೆನೀರೂ ಬೇಸಾಯದ ಭೂಮಿಯೂ

ಕಾಕಂಬಿಯಿಂದ ಮದ್ಯಸಾರವನ್ನು ತೆಗೆಯುವ ಭಟ್ಟಿಗಳು ಕಬ್ಬಿನ ಸೀಮೆಗಳಲ್ಲಿ ಸಕ್ಕರೆ ಕಾರ್ಖಾನೆಗಳ ನೆರೆಯಲ್ಲಿರುವುವು. ಕಾಕಂಬಿಗೆ ನೀರು ಬೆರೆಸಿ, ಹುಳಿಯಿಸಿ, ಕಾಯಿಸಿ ಮದ್ಯಸಾರವನ್ನು ಇಳಿಸಿದ ಮೇಲೆ ಕಂದುಬಣ್ಣದ ಹುಳಿನೀರು ಉಳಿಯುವುದು. ಒಂದು ಲೀಟರು ಮದ್ಯಸಾರಕ್ಕೆ ಇದು ಸಾಮಾನ್ಯವಾಗಿ 8 ರಿಂದ 15 ಲೀಟರಿನಷ್ಟಾಗುವುದು. ಇದನ್ನು ಗೊಬ್ಬರವೆಂದು ಹೇಳಿ ಹೊಲಕ್ಕೆ ಬಿಡಲು ಬಂದರೆ ಜಮೀನುದಾರರು ಒಪ್ಪಬಹುದೇ ಎಂಬುದು ವಿಚಾರಿಸತಕ್ಕ ವಿಷಯವು.

ಈ ಮಾತಿನಲ್ಲಿ ಸ್ವಲ್ಪ ನಿಜವುಂಟು. ಕಬ್ಬು ಭೂಮಿಯಿಂದ ಹೀರಿದ ಪೊಟ್ಯಾಷ್ ಸಕ್ಕರೆಯಲ್ಲಾಗಲಿ ಮದ್ಯಸಾರದಲ್ಲಾಗಲಿ ಸೇರದೆ, ಕಾಕಂಬಿಯ ಮೂಲಕ ಬಹುಮಟ್ಟಿಗೆ ಈ ನೀರಿನಲ್ಲಿಯೇ ಉಳಿಯುವುದು. ಆದರೆ ಇದರಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ಕರಗಿಸಲು ಪ್ರತಿ ಲೀಟರಿಗೆ ಸುಮಾರು 40,000 ಮಿಲಿಗ್ರಾಂ ಆಮ್ಲಜನಕವು ಬೇಕಾಗುವುದು. ಸರ್ಕಾರದ ನಿಯಮದಂತೆ ಭಟ್ಟಿಯ ನೀರಿನಲ್ಲಿ ಈ ಪ್ರಮಾಣವು ಭೂಮಿಗೆ ಬಿಡುವಾಗ 100, ಹೊಳೆಗೆ ಬಿಡುವಾಗ 30 ಮಿಲಿಗ್ರಾಮನ್ನು ಮೀರಕೂಡದು. ಹಸಿಯ ಕೊಳೆನೀರು ಹಳ್ಳಕ್ಕೆ ಬಿದ್ದರೆ ಮೀನುಗಳು ಉಸಿರುಕಟ್ಟಿ ಸಾಯುವುವು. ಹೊಲದಲ್ಲಿ ನಿಂತರೆ ಮೊಳಕೆ ಸುಡುವುದು, ಮಣ್ಣಿನಲ್ಲಿ ಉಪ್ಪು ಕೂಡುವುದು, ಬಾವಿಯ ನೀರು ಬಣ್ಣಗೆಡುವುದು. ಕೆಟ್ಟ ಬಾವಿಯನ್ನು ಸರಿಪಡಿಸುವುದು ಬಹು ಕಷ್ಟ.

ಭಟ್ಟಿಯವರು ಮಾಡತಕ್ಕ ಕ್ರಮವು ಬೇರೆ. ಮೊದಲು ಕೊಳೆನೀರನ್ನು ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಯಿಸಿದರೆ ಉರಿಯುವ ಅನಿಲವು ದೊರೆಯುವುದು. ಬಳಿಕ ಉಳಿದುದನ್ನು ಸಕ್ಕರೆ ಕಾರ್ಖಾನೆಯ ಮಡ್ಡಿಯೊಡನೆ ಬೆರೆಸಿ ಕಾಂಪೋಸ್ಟು ಮಾಡಬಹುದು. ಇಲ್ಲವೆ ಕೊಳೆನೀರನ್ನು ಆವಿಯಾಗಿಸಿ ಗಟ್ಟಿಮಾಡಿ ಬಾಯ್ಲರಿನಲ್ಲಿ ಉರಿಸಬಹುದು. ಹೀಗೆ ಹೊರಟ ಆವಿಯನ್ನು ತಣಿಸಿ ಶುದ್ಧಿಮಾಡಿದ ನೀರು ಕಾರ್ಖಾನೆಯ ಕೆಲಸಕ್ಕೇ ಮತ್ತೆ ಒದಗುವುದರಿಂದ, ಹೊಳೆಯಿಂದಲೂ ಕೊಳವೆಬಾವಿಯಿಂದಲೂ ಎತ್ತುವ ನೀರು ಅಷ್ಟರಮಟ್ಟಿಗೆ ಉಳಿಯುವುದು. ಉರಿಸಿದ ಬೂದಿಯಿಂದ ಮಾಡುವ ಗೊಬ್ಬರದಲ್ಲಿ ನೂರಕ್ಕೆ 14.5 ಪಾಲು ಪೊಟ್ಯಾಷ್ ಇರತಕ್ಕದ್ದು. ಅಂದರೆ 50 ಕಿಲೋ ಚೀಲಕ್ಕೆ ಏಳು ಕಿಲೋಗಿಂತ ಕೊಂಚ ಹೆಚ್ಚು. ಕೇಂದ್ರ ಸರ್ಕಾರವು 2021 ರಲ್ಲಿ ಇದನ್ನು ಸಹಾಯಧನದ ಗೊಬ್ಬರಗಳ ಸಾಲಿಗೆ ಸೇರಿಸಿತು.

ಆದಕಾರಣ ಜಮೀನುದಾರರು ಹಸಿಯ ಕೊಳೆನೀರನ್ನು ಬಿಟ್ಟಿಯಾಗಿ ಬಂದರೂ ಹೊಲಕ್ಕೆ ಬಿಡಿಸಿಕೊಳ್ಳಬಾರದು. ಚೆನ್ನಾಗಿ ಹದಗೊಂಡ ಕಾಂಪೋಸ್ಟನ್ನೂ ಬೂದಿಯ ಗೊಬ್ಬರವನ್ನೂ ಮಣ್ಣಿನ ಪರೀಕ್ಷೆಯಾದ ಮೇಲೆ ಬೇಕಾದಷ್ಟು ಹಾಕಬಹುದು. ಹಳ್ಳದಲ್ಲಿಯೋ ಬಾವಿಯಲ್ಲಿಯೋ ಕಂದುನೀರು ಕಂಡಲ್ಲಿ ಗ್ರಾಮದ ಮುಖಂಡರು ದಿನವನ್ನೂ ಸ್ಥಳವನ್ನೂ ಬರೆದಿಟ್ಟು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಡಮಾಡದೆ ತಿಳಿಸತಕ್ಕದ್ದು. ಭೂಮಿಯಿಂದ ಹೋದ ಸಾರವು ಭೂಮಿಗೆ ಹಿಂದಿರುಗುವುದು ನ್ಯಾಯವೇ. ಆದರೆ ಅದು ಗೊಬ್ಬರವಾಗಿ ಬರಬೇಕೇ ಹೊರತು ವಿಷವಾಗಿ ಅಲ್ಲ.