ಉಚಿತ ಎಂದರೆ ಯಾರ ಖರ್ಚು? ಮನೆಯಲ್ಲೇ ಕುಳಿತು ನೋಡುವ ಕಲೆಯ ಲೆಕ್ಕ



ಕಳೆದ ದಸರಾ ರಜೆಯಲ್ಲಿ ನಮ್ಮ ದಾದಾ ಅವರಿಗೆ ಮೊಣಕಾಲು ನೋವು ಹೆಚ್ಚಾಯಿತು. ಮಸೀದಿಗೆ ಹೋಗಲಾಗದೆ ಮನೆಯಲ್ಲೇ ಕುರ್ಚಿಯ ಮೇಲೆ ಕುಳಿತು ನಮಾಝ್ ಮಾಡುತ್ತಿದ್ದರು. ಅಬ್ಬಾ ಅಂಗಡಿಗೆ, ಅಣ್ಣ ಕೆಲಸಕ್ಕೆ, ಅಮ್ಮಿ ಅಡುಗೆ ಮನೆಗೆ. ದಾದಾ ಜೊತೆ ಕೂರುವ ಕೆಲಸ ನನ್ನ ಪಾಲಿಗೆ ಬಂತು. ಅವರು ನಲವತ್ತು ವರ್ಷ ಬೀದರಿನಲ್ಲಿ ಬಿದರಿ ಕೆಲಸ ಮಾಡಿದವರು. ಈಗ ಅವರ ಕಣ್ಣಿಗೆ ಬೆಳ್ಳಿಯ ಸಣ್ಣ ತಂತಿ ಕಾಣುವುದಿಲ್ಲ. ಇಬ್ಬರಿಗೂ ಹೊರಗೆ ಹೋಗುವಂತಿರಲಿಲ್ಲ. ಕೈಯಲ್ಲಿ ಒಂದು ಮೊಬೈಲ್ ಇತ್ತು. ಆ ಹತ್ತು ದಿನಗಳಲ್ಲಿ ನಾವು ಒಂದು ರೂಪಾಯಿ ಟಿಕೆಟ್ ಕೊಡದೆ ದೆಹಲಿ, ಲಂಡನ್, ನ್ಯೂಯಾರ್ಕ್ ನೋಡಿ ಬಂದೆವು.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಯಾವುದಾದರೂ ವಸ್ತು ಬಿಟ್ಟಿಯಾಗಿ ಸಿಕ್ಕರೆ, ಇದರ ಖರ್ಚು ಯಾರ ಖಾತೆಗೆ ಹೋಯಿತು ಎಂದು ಕೇಳುವುದನ್ನು ನಮ್ಮ ಪಾಠಗಳೇ ಕಲಿಸಿವೆ. ಆದ್ದರಿಂದ ಈ ಲೇಖನದಲ್ಲಿ ಎರಡು ವಿಷಯ ಬರೆಯುತ್ತೇನೆ: ಮನೆಯಲ್ಲೇ ಕುಳಿತು ಏನೇನು ನೋಡಬಹುದು, ಮತ್ತು ಅದರ ನಿಜವಾದ ಲೆಕ್ಕವೇನು.

1. ಏನೇನು ಸಿಗುತ್ತದೆ?

ಮನೆಯಲ್ಲಿ ಕುಳಿತು ಕಲೆಯನ್ನು ನೋಡುವುದು ಕೊರೊನಾ ಕಾಲದಲ್ಲೇ ಹುಟ್ಟಿದ ಅಭ್ಯಾಸವಲ್ಲ. ಗೂಗಲ್ ಸಂಸ್ಥೆ 2011ರಲ್ಲಿಯೇ 17 ವಸ್ತುಸಂಗ್ರಹಾಲಯಗಳ ಜೊತೆ ಸೇರಿ ಕಲಾಕೃತಿಗಳನ್ನು ಅಂತರ್ಜಾಲದಲ್ಲಿ ತೋರಿಸತೊಡಗಿತ್ತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ತನ್ನಲ್ಲಿರುವ ಹಳೆಯ ಕೃತಿಗಳ ಲಕ್ಷಾಂತರ ಚಿತ್ರಗಳನ್ನು ಯಾರು ಬೇಕಾದರೂ ಉಚಿತವಾಗಿ ಬಳಸಲು ಬಿಟ್ಟುಕೊಟ್ಟಿತು. ಪ್ಯಾರಿಸಿನ ಲೂವ್ರ್ ಮ್ಯೂಸಿಯಂ ಮಾರ್ಚ್ 2021ರಲ್ಲಿ ತನ್ನ 4,80,000ಕ್ಕೂ ಹೆಚ್ಚು ವಸ್ತುಗಳ ವಿವರವನ್ನು ಜಾಲತಾಣಕ್ಕೆ ಹಾಕಿತು.

ನಮ್ಮ ದೇಶದಲ್ಲೂ ಇದೆ. ಉರ್ದು ಸಾಹಿತ್ಯದ ದೊಡ್ಡ ಹಬ್ಬವಾದ ಜಶ್ನ್-ಎ-ರೇಖ್ತಾ 2015ರಲ್ಲಿ ದೆಹಲಿಯಲ್ಲಿ ಶುರುವಾಯಿತು. ಅಲ್ಲಿ ನಡೆದ ಮುಶಾಯಿರಾ, ಮಾತುಕತೆಗಳ ವಿಡಿಯೋಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ. ಅಮ್ಮಿ ಮದುವೆಗೆ ಮೊದಲಿನಿಂದಲೂ ಶಾಯರಿ ಬರೆದಿಡುವವರು. ಆದರೆ ಒಂದು ಮುಶಾಯಿರಾಕ್ಕೂ ಹೋದವರಲ್ಲ. ರಾತ್ರಿ ಹೊತ್ತು ನಡೆಯುವ ಸಭೆಗೆ ನಮ್ಮ ಮನೆಯಿಂದ ಗಂಡಸರು ಮಾತ್ರ ಹೋಗುತ್ತಿದ್ದರು. ಈ ರಜೆಯಲ್ಲಿ ಅವರು ರೊಟ್ಟಿ ಬೇಯಿಸುತ್ತಲೇ ದೆಹಲಿಯ ಮುಶಾಯಿರಾ ಕೇಳಿ, ಸೌಟು ಎತ್ತಿ "ವಾಹ್" ಎಂದರು.

ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿರುವ ಮ್ಯಾಪ್ ಎಂಬ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯದ ಕಥೆ ಇನ್ನೂ ಚೆನ್ನಾಗಿದೆ. ಸಾಂಕ್ರಾಮಿಕ ರೋಗದಿಂದ ಕಟ್ಟಡ ತಡವಾದ್ದರಿಂದ, ಅದು ಡಿಸೆಂಬರ್ 2020ರಲ್ಲಿ ಮೊದಲು ಅಂತರ್ಜಾಲದಲ್ಲೇ ತೆರೆಯಿತು. ಕಟ್ಟಡದ ಬಾಗಿಲು ತೆರೆದದ್ದು ಫೆಬ್ರವರಿ 2023ರಲ್ಲಿ. ಬೀದರಿನಿಂದ ಬೆಂಗಳೂರು ಸುಮಾರು 700 ಕಿ.ಮೀ. ದೂರ. ಅಂತರ್ಜಾಲದ ಬಾಗಿಲು ಮಾತ್ರ ಬೆಂಗಳೂರಿನವರಿಗೂ ನಮಗೂ ಒಂದೇ ದೂರದಲ್ಲಿದೆ.

2. ಬೆಲೆ ಬೇರೆ, ವೆಚ್ಚ ಬೇರೆ

ಈಗ ಪಾಠಕ್ಕೆ ಬರೋಣ. ನ್ಯೂಯಾರ್ಕಿನಲ್ಲಿ ಮೆಟ್ರೊಪಾಲಿಟನ್ ಒಪೇರಾ ಎಂಬ ದೊಡ್ಡ ರಂಗಮಂದಿರವಿದೆ. ಹಾಡಿನಲ್ಲೇ ಕಥೆ ಹೇಳುವ ನಾಟಕಗಳು ಅಲ್ಲಿ ನಡೆಯುತ್ತವೆ. ಸುಮಾರು 3,800 ಆಸನಗಳಿವೆ. ಕೊರೊನಾ ಕಾರಣದಿಂದ ಮಾರ್ಚ್ 12, 2020ರಂದು ಅದು ಮುಚ್ಚಿತು. ನಾಲ್ಕೇ ದಿನಕ್ಕೆ, ಮಾರ್ಚ್ 16ರಿಂದ, ಪ್ರತಿ ರಾತ್ರಿ ಒಂದು ಒಪೇರಾವನ್ನು ಇಡೀ ಜಗತ್ತಿಗೆ ಉಚಿತವಾಗಿ ತೋರಿಸತೊಡಗಿತು. ಮೊದಲನೆಯದು 'ಕಾರ್ಮೆನ್'.

ಇಷ್ಟು ಬೇಗ ಹೇಗೆ ಸಾಧ್ಯವಾಯಿತು? ಆ ಸಂಸ್ಥೆ 2006ರಿಂದಲೇ ತನ್ನ ಪ್ರದರ್ಶನಗಳನ್ನು ಚಿತ್ರಮಂದಿರಗಳಿಗೆ ನೇರಪ್ರಸಾರ ಮಾಡುತ್ತಿತ್ತು. ಆ ಚಿತ್ರೀಕರಣಗಳು ಸಿದ್ಧವಾಗಿದ್ದವು. ಗಾಯಕರು, ವಾದ್ಯದವರು, ವೇಷಭೂಷಣ, ಕ್ಯಾಮೆರಾ ಎಲ್ಲಕ್ಕೂ ಹಣ ಆಗಲೇ ಖರ್ಚಾಗಿತ್ತು. ಇದು ನಮ್ಮ ಪುಸ್ತಕದ ಸ್ಥಿರ ವೆಚ್ಚದಂತೆ: ಒಬ್ಬ ನೋಡಿದರೂ ಅಷ್ಟೇ, ಲಕ್ಷ ಜನ ನೋಡಿದರೂ ಅಷ್ಟೇ. ಇನ್ನೊಬ್ಬ ಪ್ರೇಕ್ಷಕ ಹೆಚ್ಚಾದರೆ ಆಗುವ ಹೆಚ್ಚುವರಿ ವೆಚ್ಚವೇ ಸೀಮಾಂತ ವೆಚ್ಚ. ಅಂತರ್ಜಾಲದಲ್ಲಿ ಅದು ಬಹುತೇಕ ಸೊನ್ನೆ. ಹೀಗಾಗಿ ಬೆಲೆಯನ್ನೂ ಸೊನ್ನೆಗೆ ಇಳಿಸಲು ಸಾಧ್ಯವಾಯಿತು.

ಇನ್ನೊಂದು ಪಾಠವೂ ಇಲ್ಲಿದೆ. ರಂಗಮಂದಿರದ ಆಸನದಲ್ಲಿ ನಾನು ಕುಳಿತರೆ ನೀವು ಅಲ್ಲಿ ಕೂರಲಾರಿರಿ. ಆದರೆ ನಾನು ವಿಡಿಯೋ ನೋಡಿದರೆ ನಿಮ್ಮ ಪಾಲು ಕಡಿಮೆಯಾಗುವುದಿಲ್ಲ. ಎಲ್ಲರಿಗೂ ತೆರೆದಿಟ್ಟಾಗ ಯಾರನ್ನೂ ಹೊರಗಿಡುವುದೂ ಇಲ್ಲ. ಬೀದಿ ದೀಪದ ಬೆಳಕಿನಂತೆ, ಸಾರ್ವಜನಿಕ ಸರಕಿನ ಗುಣ ಅದಕ್ಕೆ ಬರುತ್ತದೆ. ಆದರೆ ಸಾರ್ವಜನಿಕ ಸರಕಿನ ಒಂದು ತೊಂದರೆಯನ್ನೂ ನಾವು ಓದಿದ್ದೇವೆ: ಎಲ್ಲರೂ ಬಳಸುತ್ತಾರೆ, ಹಣ ಕೊಡುವವರು ಕಡಿಮೆ. ಇದಕ್ಕೇ ಫ್ರೀ ರೈಡರ್ ಸಮಸ್ಯೆ ಎನ್ನುತ್ತಾರೆ.

ಆ ಸಮಸ್ಯೆ ಯಾರ ಮೇಲೆ ಬಿತ್ತು? ಅದೇ ಒಪೇರಾದ ವಾದ್ಯವೃಂದದವರಿಗೆ, ಸಮೂಹ ಗಾಯಕರಿಗೆ, ರಂಗದ ಕೆಲಸಗಾರರಿಗೆ ಏಪ್ರಿಲ್ 2020ರಿಂದ ಸಂಬಳ ನಿಂತಿತು. ಜಗತ್ತು ಮನೆಯಲ್ಲಿ ಕುಳಿತು ಅವರ ಹಳೆಯ ದುಡಿಮೆಯನ್ನು ಕೇಳುತ್ತಿದ್ದಾಗ, ಅವರಲ್ಲಿ ಅನೇಕರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಇದ್ದರು. ರಂಗಮಂದಿರ ಮತ್ತೆ ತೆರೆದದ್ದು ಸೆಪ್ಟೆಂಬರ್ 2021ರಲ್ಲಿ. ಲಂಡನ್ನಿನ ನ್ಯಾಷನಲ್ ಥಿಯೇಟರ್ ಕೂಡ ಏಪ್ರಿಲ್ 2, 2020ರಿಂದ ವಾರಕ್ಕೊಂದು ನಾಟಕವನ್ನು ಯೂಟ್ಯೂಬ್‌ನಲ್ಲಿ ಉಚಿತವಾಗಿ ತೋರಿಸಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಹಣ ಕೊಟ್ಟು ನೋಡುವ ವ್ಯವಸ್ಥೆ ಮಾಡಿತು. ಇದನ್ನು ದುರಾಸೆ ಎನ್ನಲು ನನಗೆ ಮನಸ್ಸಿಲ್ಲ. ನಟರೂ ಅಕ್ಕಿ ಬೇಳೆ ತರಬೇಕಲ್ಲ.

ಹಾಗಾದರೆ ಉಚಿತ ಕಾರ್ಯಕ್ರಮದ ಖರ್ಚು ಯಾರು ಕೊಡುತ್ತಾರೆ? ನಾಲ್ಕು ದಾರಿಗಳಿವೆ. ಒಂದು, ದಾನಿಗಳು. ಎರಡು, ಸರ್ಕಾರ, ಅಂದರೆ ತೆರಿಗೆ ಕಟ್ಟುವವರು. ಮೂರು, ಜಾಹೀರಾತು ಕೊಡುವವರು; ಆಗ ನಾವು ಹಣದ ಬದಲು ನಮ್ಮ ಸಮಯ ಕೊಡುತ್ತೇವೆ. ನಾಲ್ಕು, ಕಲಾವಿದರೇ. ಈ ನಾಲ್ಕನೆಯದನ್ನು ನಾವು ಬಹಳ ಸಲ ಮರೆಯುತ್ತೇವೆ.

3. ಗಡಿಯಾರ ಮತ್ತು ಡೇಟಾ

ನೇರಪ್ರಸಾರ ನೋಡಬೇಕೆಂದರೆ ಸಮಯದ ಲೆಕ್ಕ ಗೊತ್ತಿರಬೇಕು. ಬೇಸಿಗೆಯಲ್ಲಿ ನ್ಯೂಯಾರ್ಕ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಲಂಡನ್ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ. ಅವರು ಗಡಿಯಾರ ಬದಲಿಸುತ್ತಾರೆ, ನಾವು ಬದಲಿಸುವುದಿಲ್ಲ. 2020ರಲ್ಲಿ ಒಪೇರಾ ಅಲ್ಲಿ ಸಂಜೆ 7.30ಕ್ಕೆ ಶುರುವಾದರೆ ನಮಗೆ ಮರುದಿನ ಬೆಳಗ್ಗೆ 5 ಗಂಟೆ, ಅಂದರೆ ಫಜ್ರ್ ಹೊತ್ತು. ಲಂಡನ್ನಿನ ನಾಟಕ ಗುರುವಾರ ಸಂಜೆ 7ಕ್ಕೆ ಎಂದರೆ ನಮಗೆ ರಾತ್ರಿ 11.30. ಆದರೆ ಅದು ಒಂದು ವಾರ ಇರುತ್ತಿದ್ದರಿಂದ ನಿದ್ದೆ ಕೆಡಿಸಿಕೊಳ್ಳುವ ಅಗತ್ಯವಿರಲಿಲ್ಲ. ಆದ್ದರಿಂದ ಯಾವುದೇ ಕಾರ್ಯಕ್ರಮ ಕಂಡಾಗ, ಯಾವಾಗ ಶುರು ಎನ್ನುವುದರ ಜೊತೆಗೆ ಎಷ್ಟು ದಿನ ಇರುತ್ತದೆ ಎನ್ನುವುದನ್ನೂ ನೋಡಿ.

ಡೇಟಾ ಕೂಡ ಖರ್ಚೇ. ನಮ್ಮ ಮನೆಯ ಪ್ಯಾಕ್‌ನಲ್ಲಿ ದಿನಕ್ಕೆ 1.5 ಜಿಬಿ. ನಾನು ಮೊಬೈಲ್‌ನಲ್ಲಿ ಅಳೆದು ನೋಡಿದೆ: 480 ಗುಣಮಟ್ಟದಲ್ಲಿ ಗಂಟೆಗೆ ಸುಮಾರು ಅರ್ಧ ಜಿಬಿ ಹೋಗುತ್ತದೆ. ಎರಡೂವರೆ ಗಂಟೆಯ ನಾಟಕಕ್ಕೆ ಒಂದೂಕಾಲು ಜಿಬಿ ಬೇಕು. ಒಂದೇ ಮೊಬೈಲ್‌ನಲ್ಲಿ ಮನೆಯವರೆಲ್ಲ ಕೂಡಿ ನೋಡಿದರೆ ತಲಾ ವೆಚ್ಚ ಇಳಿಯುತ್ತದೆ. ಜೊತೆಗೆ ಅವಕಾಶ ವೆಚ್ಚವನ್ನೂ ಮರೆಯಬೇಡಿ. ಅಕೌಂಟೆನ್ಸಿ ಪರೀಕ್ಷೆಯ ಹಿಂದಿನ ದಿನ ನೋಡಿದ ನಾಟಕ ಉಚಿತವಲ್ಲ. ಅದರ ಬೆಲೆ ಅಂಕಪಟ್ಟಿಯಲ್ಲಿ ಕಾಣುತ್ತದೆ.

4. ದಾದಾ ನೋಡಿದ ಹುಕ್ಕಾ

ರಜೆಯ ಐದನೇ ದಿನ ನಾನು ಮೆಟ್ರೊಪಾಲಿಟನ್ ಮ್ಯೂಸಿಯಂನ ಜಾಲತಾಣದಲ್ಲಿ "ಬಿದ್ರಿ" ಎಂದು ಹುಡುಕಿದೆ. 17ನೇ ಶತಮಾನದ ಒಂದು ಹುಕ್ಕಾದ ತಳ ಕಾಣಿಸಿತು. ಕಪ್ಪು ಮೈ ಮೇಲೆ ಐರಿಸ್ ಹೂಗಳು. ಮೊಬೈಲನ್ನು ದಾದಾ ಕೈಗೆ ಕೊಟ್ಟೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಎರಡು ಬೆರಳಿನಿಂದ ಚಿತ್ರ ಹಿಗ್ಗಿಸುವುದನ್ನು ತೋರಿಸಿಕೊಟ್ಟೆ. ಮನೆಯಲ್ಲಿರುವ ಡಬ್ಬಿಯ ಮೇಲೆ ಅವರಿಗೆ ಕಾಣದ ಕೆಲಸ, ಸಾವಿರಾರು ಮೈಲಿ ದೂರದ ವಸ್ತುವಿನಲ್ಲಿ ಕಂಡಿತು.

"ಬೇಟಿ, ತಂತಿ ಕೂರಿಸಿದರೆ ತಾರ್‌ಕಶಿ. ತಗಡು ಕತ್ತರಿಸಿ ಕೂರಿಸಿದರೆ ತಹ್‌ನಿಶಾನ್. ಹೂವಿನ ದಳ ಅಗಲ ಇದ್ದರೆ ತಗಡೇ ಬೇಕು" ಎಂದರು. ಆಮೇಲೆ ಇಡೀ ಕೆಲಸ ಹೇಳಿದರು. ಹದಿನಾರು ಪಾಲು ಸತು, ಒಂದು ಪಾಲು ತಾಮ್ರ ಕರಗಿಸಿ ಎರಕ ಹೊಯ್ಯುವುದು. ಉಜ್ಜಿ ನಯ ಮಾಡಿ, ಮೈಲುತುತ್ತು ಹಚ್ಚಿ, ಚಿತ್ರ ಬರೆದು, ಉಳಿಯಿಂದ ಕೊರೆದು ಬೆಳ್ಳಿ ಕೂರಿಸುವುದು. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿ ನೀರಿನಲ್ಲಿ ಅದ್ದುವುದು. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಹದಿನೇಳು ವರ್ಷ ಅದೇ ಮನೆಯಲ್ಲಿದ್ದರೂ ನಾನು ಇದನ್ನು ಒಮ್ಮೆಯೂ ಕೇಳಿರಲಿಲ್ಲ.

ಆಮೇಲೆ ದಾದಾ ಕೇಳಿದರು: "ಮಾಡಿದವನ ಹೆಸರು ಬರೆದಿದ್ದಾರಾ?"

ನಾನು ವಿವರ ಓದಿದೆ. ದೇಶ, ಕಾಲ, ಲೋಹ, ಅಳತೆ ಎಲ್ಲ ಇತ್ತು. ಮಾಡಿದವನ ಹೆಸರು ಇರಲಿಲ್ಲ.

ದಾದಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಂತರ "ನನ್ನವುಗಳ ಮೇಲೂ ಇಲ್ಲ" ಎಂದರು. ಅವರ ಸಾಮಾನುಗಳನ್ನು ಒಬ್ಬ ವ್ಯಾಪಾರಿ ಕೊಂಡು ಹೋಗುತ್ತಿದ್ದನಂತೆ. ಬೆಳ್ಳಿಯ ತೂಕಕ್ಕೆ ಹಣ, ಕೈಗೆಲಸಕ್ಕೆ ದಿನಗೂಲಿ. ಎಲ್ಲಿ ಮಾರಿದ, ಎಷ್ಟಕ್ಕೆ ಮಾರಿದ ಎಂದು ಇವರಿಗೆ ಗೊತ್ತಾಗುತ್ತಿರಲಿಲ್ಲ. ಬಿದರಿ ಕಲೆಗೆ 2006ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. 2023ರಲ್ಲಿ ನಮ್ಮ ಊರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ದಾದಾ ಇಡೀ ಓಣಿಗೆ ಮಿಠಾಯಿ ಹಂಚಿದ್ದರು. ಆದರೆ ಸಾಮಾನ್ಯ ಕಾರಿಗರನ ಹೆಸರು ಇನ್ನೂ ವಸ್ತುವಿನ ಜೊತೆ ಹೋಗುವುದಿಲ್ಲ.

ಮರುದಿನ ಮನೆಯಲ್ಲಿ ಉಳಿದಿದ್ದ ಅವರ ಒಂದೇ ಒಂದು ಪಾನ್‌ದಾನ್ ತೆಗೆದು ಒರೆಸಿ, ಕಿಟಕಿಯ ಬೆಳಕಿನಲ್ಲಿಟ್ಟು ಫೋಟೋ ತೆಗೆದೆ. ದಾದಾ ಕೆಲಸದ ಹಂತಗಳನ್ನು ಹೇಳುವುದನ್ನು ಹನ್ನೆರಡು ನಿಮಿಷ ಚಿತ್ರೀಕರಿಸಿದೆ. ಅವರು ಮಾತಾಡಿದ್ದು ದಖ್ಖನಿ ಉರ್ದುವಿನಲ್ಲಿ. ಕೆಳಗೆ ನಾನು ಕನ್ನಡದಲ್ಲಿ ವಿವರ ಬರೆದೆ. ಮೊದಲ ಸಾಲಿನಲ್ಲಿ ಮಾಡಿದವರ ಹೆಸರು ಹಾಕಿದೆ. ನೋಡಲು ಯಾರಿಗೂ ಟಿಕೆಟ್ ಇಲ್ಲ. ಇದರ ವೆಚ್ಚದ ಪಟ್ಟಿ ಬರೆಯುವುದಾದರೆ: ನನ್ನ ಒಂದು ಮಧ್ಯಾಹ್ನ, ಅರ್ಧ ದಿನದ ಡೇಟಾ, ದಾದಾ ಅವರ ನಲವತ್ತು ವರ್ಷ.

5. ನಾವು ಏನು ಮಾಡಬಹುದು?

ಒಂದು, ನೋಡಿದ್ದರ ಕೊನೆಯಲ್ಲಿ ಬರುವ ಹೆಸರುಗಳನ್ನು ಓದಿ. ಎರಡು, ಸಾಧ್ಯವಾದಾಗ ಹತ್ತು ರೂಪಾಯಿಯನ್ನಾದರೂ ಕಲಾವಿದರಿಗೆ ಕಳಿಸಿ. ಇಲ್ಲದಿದ್ದರೆ ನಾಲ್ಕು ಜನರಿಗೆ ತಿಳಿಸಿ. ಮೂರು, ಕದ್ದು ಹಾಕಿದ ಪ್ರತಿಗಳನ್ನು ಬಿಟ್ಟು ಕಲಾವಿದರ ಅಥವಾ ಸಂಸ್ಥೆಯ ಸ್ವಂತ ಪುಟದಲ್ಲೇ ನೋಡಿ. ನಾಲ್ಕು, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಜಾಲತಾಣದಲ್ಲಿ ಇಲ್ಲದ ವಿವರ ಅವರ ಬಳಿ ಇರಬಹುದು.

ಅಭ್ಯಾಸಕ್ಕೆ ಮೂರು ಪ್ರಶ್ನೆಗಳು

ಅ) ನೀವು ಕಳೆದ ತಿಂಗಳು ಉಚಿತವಾಗಿ ನೋಡಿದ ಒಂದು ಕಾರ್ಯಕ್ರಮವನ್ನು ಆರಿಸಿ. ಅದರ ಖರ್ಚನ್ನು ಮೇಲೆ ಹೇಳಿದ ನಾಲ್ವರಲ್ಲಿ ಯಾರು ಕೊಟ್ಟರು?

ಆ) ನವೆಂಬರ್ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಸಂಜೆ 7ಕ್ಕೆ ಶುರುವಾಗುವ ಕಾರ್ಯಕ್ರಮ ನಮ್ಮಲ್ಲಿ ಎಷ್ಟು ಗಂಟೆಗೆ ಬರುತ್ತದೆ?

ಇ) ನಿಮ್ಮ ಮನೆಯಲ್ಲಿ ಅಥವಾ ಓಣಿಯಲ್ಲಿ ಕೈಗೆಲಸ ಬಲ್ಲವರು ಯಾರಿದ್ದಾರೆ? ಅವರ ಹೆಸರು ಎಲ್ಲಾದರೂ ಬರೆದಿದೆಯೇ?

ಮೂರನೆಯ ಪ್ರಶ್ನೆಯ ಉತ್ತರವನ್ನು ನಮ್ಮ ವಾರ್ತಾಪತ್ರಿಕೆಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಆ ಹೆಸರುಗಳನ್ನು ಪ್ರಕಟಿಸಬೇಕೆಂದು ಸಂಪಾದಕ ಬಳಗವನ್ನು ಕೇಳಿಕೊಂಡಿದ್ದೇನೆ.