ಬಹುರೂಪಿ ಆಟಿಕೆಯ ಯುರೋಪು ಪ್ರವಾಸ

ಕೆಂಪು ಬಣ್ಣದ ಒಂದು ಆಟದ ಲಾರಿ. ಅದರ ಮುಂಭಾಗವನ್ನು ಬಿಡಿಸಿ, ಮಡಿಸಿ, ತಿರುಗಿಸಿದರೆ ಕೈಕಾಲುಗಳುಳ್ಳ ಯಂತ್ರಮಾನವನೊಬ್ಬನು ಎದ್ದು ನಿಲ್ಲುತ್ತಾನೆ. ಸುಮಾರು 1985ರಲ್ಲಿ ಇಂಗ್ಲೆಂಡಿನ ಬಾಲಕನು ಇವನನ್ನು ‘ಆಪ್ಟಿಮಸ್ ಪ್ರೈಮ್’ ಎಂದು ಕರೆದರೆ, ಇಟಲಿಯ ಬಾಲಕನು ‘ಕಮಾಂಡರ್’ ಎಂದು ಕರೆಯುತ್ತಿದ್ದನು. ಆಟಿಕೆ ಒಂದೇ, ಹೆಸರು ಎರಡು. ಇದು ಹೇಗಾಯಿತೆಂದು ವಿಚಾರಿಸುತ್ತ ಹೊರಟರೆ ನಾವು ಆಟಿಕೆಯ ಅಂಗಡಿಯಿಂದ ವ್ಯಾಪಾರದ ಕರಾರುಪತ್ರಗಳ ಬಳಿಗೆ ಬಂದು ಸೇರುತ್ತೇವೆ.

ಈ ಬಹುರೂಪಿಯ ತವರು ಜಪಾನು. ಅಲ್ಲಿಯ ತಕಾರಾ ಸಂಸ್ಥೆಯು 1980ರಲ್ಲಿ ‘ಡಯಾಕ್ಲೋನ್’ ಎಂಬ ಮಾಲಿಕೆಯನ್ನು ಆರಂಭಿಸಿತು. ಅದರಲ್ಲಿ ಯಂತ್ರಮಾನವನಿಗೆ ಸ್ವಂತ ಜೀವವಿರಲಿಲ್ಲ; ಪುಟ್ಟ ಸವಾರನೊಬ್ಬನು ಒಳಗೆ ಕುಳಿತು ಅವನನ್ನು ನಡೆಸುತ್ತಿದ್ದನು. 1984ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಸಂಸ್ಥೆಯು ತಕಾರಾದಿಂದ ಪರವಾನಗಿ ಪಡೆದು, ಸವಾರನನ್ನು ಕೆಳಗಿಳಿಸಿ, ಯಂತ್ರಕ್ಕೇ ಪ್ರಾಣವನ್ನೂ ಹೊಸ ಹೆಸರನ್ನೂ ಕೊಟ್ಟು, ‘ಟ್ರಾನ್ಸ್‌ಫಾರ್ಮರ್ಸ್’ ಎಂದು ಮಾರಲಾರಂಭಿಸಿತು.

ಪರವಾನಗಿ ಎಂದರೇನು? ಹೊಲವನ್ನು ಗೇಣಿಗೆ ಕೊಟ್ಟಂತೆಯೇ ಅದು. ಹೊಲ ಒಡೆಯನದು, ಉಳುವ ಹಕ್ಕು ಗೇಣಿದಾರನದು, ಅದೂ ಗೊತ್ತಾದ ಎಲ್ಲೆಯೊಳಗೆ ಮಾತ್ರ. ಇಲ್ಲಿ ಆಟಿಕೆಯ ಅಚ್ಚೇ ಹೊಲ, ದೇಶದ ಗಡಿಯೇ ಬದು.

ಯುರೋಪಿನಲ್ಲಿಯಾದರೋ ಹ್ಯಾಸ್‌ಬ್ರೋ ಕಾಲಿಡುವ ಮೊದಲೇ ಬೇರೆ ಗೇಣಿದಾರರು ಇದ್ದರು. ಇಟಲಿಯಲ್ಲಿ ಜಿಗ್ ಎಂಬ ಸಂಸ್ಥೆಯೂ ಫ್ರಾನ್ಸಿನಲ್ಲಿ ಜೂಸ್ತ್ರಾ ಎಂಬ ಸಂಸ್ಥೆಯೂ ಡಯಾಕ್ಲೋನ್ ಆಟಿಕೆಗಳನ್ನೇ ಮಾರುತ್ತಿದ್ದವು. ಬ್ರಿಟನ್ನಿನಲ್ಲಿ ಹ್ಯಾಸ್‌ಬ್ರೋ ತಾನೇ ಮಾರಿತು. ಫ್ರಾನ್ಸ್ ಮೊದಲಾದ ದೇಶಗಳಲ್ಲಿ, 1984ರಲ್ಲಿ ತಾನು ಕೊಂಡುಕೊಂಡ ಮಿಲ್ಟನ್ ಬ್ರ್ಯಾಡ್ಲಿ ಸಂಸ್ಥೆಯ ಮುದ್ರೆಯೊಂದಿಗೆ 1985ರಿಂದ ಮಾರಿಸಿತು. ಇಟಲಿಯಲ್ಲಿ ಮಾತ್ರ ಜಿಗ್ ತನ್ನ ಸ್ಥಾನವನ್ನು ಬಿಟ್ಟುಕೊಡಲಿಲ್ಲ. ಅದು ‘ಟ್ರಾಸ್‌ಫಾರ್ಮರ್’ ಎಂದು ತನ್ನ ನುಡಿಗೆ ಒಗ್ಗುವಂತೆ ಹೆಸರಿಟ್ಟಿತು. ರೂಪ ಬದಲಿಸು ಎಂಬ ಅರ್ಥದ ಇಟಾಲಿಯನ್ ಕ್ರಿಯಾಪದದಲ್ಲಿ ‘ನ್’ಕಾರವಿಲ್ಲ. ಪುಟ್ಟ ಹಳದಿ ಕಾರಾಗುವ ‘ಬಂಬಲ್‌ಬೀ’ ಅಲ್ಲಿ ‘ಮಾಜೋಲಿನೋ’ ಆದನು. ಜೀರುಂಡೆಯಾಕಾರದ ಫೋಕ್ಸ್‌ವ್ಯಾಗನ್ ಕಾರಿಗೆ ಇಟಲಿಯ ಜನರು ಇಟ್ಟ ಮುದ್ದಿನ ಹೆಸರೇ ಅದು. ಮೂಲಕ್ಕಿಂತ ಈ ಹೆಸರೇ ಆ ಆಟಿಕೆಗೆ ಹೆಚ್ಚು ಒಪ್ಪುತ್ತದೆಂದು ನಮಗೆ ತೋರುತ್ತದೆ.

ಕಥೆಗಳ ವಿಷಯದಲ್ಲಿಯೂ ಹೀಗೆಯೇ ಆಯಿತು. ಅಮೆರಿಕದ ಚಿತ್ರಕಥಾ ಪತ್ರಿಕೆ ಮಾಸಿಕ; ಬ್ರಿಟನ್ನಿನದು ಮೊದಲು ಪಾಕ್ಷಿಕ, ಬಳಿಕ ವಾರಪತ್ರಿಕೆ. ಅಮೆರಿಕದ ಕಥೆಗಳು ಸಾಲದೆ ಹೋದುದರಿಂದ ಸೈಮನ್ ಫರ್ಮನ್ ಮೊದಲಾದವರು ಬ್ರಿಟನ್ನಿನಲ್ಲಿಯೇ ಹೊಸ ಕಥೆಗಳನ್ನು ಬರೆದರು. 1984ರಲ್ಲಿ ಮೊದಲಾದ ಆ ಪತ್ರಿಕೆ 332 ಸಂಚಿಕೆಗಳನ್ನು ಕಂಡು 1992ರಲ್ಲಿ ನಿಂತಿತು. ಅಮೆರಿಕದ ಪತ್ರಿಕೆಯ ಆಯುಸ್ಸು 80 ಸಂಚಿಕೆ ಮಾತ್ರ.

1990ರ ತರುವಾಯ ಅಮೆರಿಕದಲ್ಲಿ ಮಾರಾಟ ಕುಸಿದು ಆಟಿಕೆಗಳು ನಿಂತುಹೋದವು. ಯುರೋಪಿನಲ್ಲಿ ಅವು ನಿಲ್ಲಲಿಲ್ಲ. 1992ರಲ್ಲಿ ‘ಟರ್ಬೋಮಾಸ್ಟರ್ಸ್’, ‘ಪ್ರೆಡೇಟರ್ಸ್’ ಎಂಬ ಹೊಸ ಗುಂಪುಗಳು ಅಲ್ಲಿಯ ಅಂಗಡಿಗಳಿಗೆ ಬಂದವು. ಅಮೆರಿಕದ ಮಕ್ಕಳಿಗೆ ಅವು ದೊರೆಯಲಿಲ್ಲ. 1993ರಲ್ಲಿ ಅಮೆರಿಕದಲ್ಲಿ ಮಾರಾಟ ಪುನಃ ಆರಂಭವಾಯಿತು.

ಇಂದು ಹಳೆಯ ಆಟಿಕೆಗಳನ್ನು ಸಂಗ್ರಹಿಸುವವರು ಒಳಗಿನ ಲಾರಿಯೊಡನೆ ಹೊರಗಿನ ಪೆಟ್ಟಿಗೆಯನ್ನೂ ಅಷ್ಟೇ ಜಾಗರೂಕತೆಯಿಂದ ಪರೀಕ್ಷಿಸುತ್ತಾರೆ. ಅದು ಯಾವ ದೇಶದಲ್ಲಿ ಮಾರಾಟವಾದುದು ಎಂಬುದನ್ನು ಹೇಳುವುದು ಬಹುಮಟ್ಟಿಗೆ ಆ ರಟ್ಟಿನ ಮೇಲಿನ ಅಕ್ಷರಗಳೇ.